ಸಾಕಮ್ಮನ ಹುರುಪು

ಸ್ವಲ್ಪ ನಿಲ್ಲಿ, ಇದೊಂದನ್ನು ಪೂರ್ತಿ ಕೇಳಿಬಿಡಿ. ಅರ್ಧಕ್ಕೆ ಎದ್ದು ಹೋದರೆ ದಾಕ್ಷಾಯಣಿ ಮಾಡಿದ್ದು ತಪ್ಪು ಅಂತ ಥಟ್ಟನೆ ಹೇಳಿಬಿಡುತ್ತೀರಿ. ಮೊದಲು ಎಲ್ಲರೂ ಹಾಗೇ ಹೇಳುತ್ತಾರೆ. ಕೊನೆಯವರೆಗೂ ಕೂತವರು ಮಾತ್ರ ಸುಮ್ಮನಾಗಿಬಿಡುತ್ತಾರೆ.

ಎಲ್ಲ ಶುರುವಾದದ್ದು ಒಂದು ಕಿರುಬೆರಳಿನಿಂದ. ಅರಸೀಕೆರೆಯಲ್ಲಿ ಬೇಕರಿ ಇಟ್ಟಿದ್ದ ಪಂಚಾಕ್ಷರಿಯ ಎಡಗಾಲಿನ ಕಿರುಬೆರಳು. ವಯಸ್ಸು ನಲವತ್ತಾರು, ತೂಕ ನೂರಾ ಎಂಟು ಕೆಜಿ, ಬರಿಹೊಟ್ಟೆಯಲ್ಲೇ ಸಕ್ಕರೆ ಮುನ್ನೂರರ ಆಚೆ. ಚಪ್ಪಲಿ ಕಚ್ಚಿದ ಒಂದು ಸಣ್ಣ ಗಾಯ ಮೂರು ತಿಂಗಳಾದರೂ ಮಾಯಲಿಲ್ಲ. ಕಪ್ಪಾಯಿತು, ಕೊಳೆಯಿತು, ಬೆರಳನ್ನೇ ತೆಗೆದರು. ಪಟ್ಟಿ ಬಿಚ್ಚುವಾಗ ಡಾಕ್ಟರು ಮುಖ ನೋಡದೆ ಹೇಳಿದರು, ಪಾದದಲ್ಲಿ ಇನ್ನೊಂದು ಹುಣ್ಣು ಶುರುವಾಗಿದೆ, ವರ್ಷದೊಳಗೆ ಸಕ್ಕರೆ ಇಳಿಯದಿದ್ದರೆ ಮುಂದಿನ ಸಲ ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ ಅಂತ.

ದಾಕ್ಷಾಯಣಿ ಅವನ ತಂಗಿ, ಹದಿನೈದು ವರ್ಷ ಚಿಕ್ಕವಳು. ಅಪ್ಪ ತೀರಿಕೊಂಡ ಮೇಲೆ ಆ ಬೇಕರಿಯ ಒಲೆಯ ಮುಂದೆ ನಿಂತು ಅವಳನ್ನು ಓದಿಸಿ ಎಂಜಿನಿಯರ್ ಮಾಡಿದವನು ಪಂಚಾಕ್ಷರಿಯೇ. ಆ ನಿಂತ ಕಾಲೇ ಈಗ ಹೋಗುವುದರಲ್ಲಿತ್ತು. ಡಾಕ್ಟರು ಮಾತಾಡುತ್ತಿದ್ದಷ್ಟು ಹೊತ್ತೂ ಅವಳು ನೋಡುತ್ತಿದ್ದದ್ದು ಅದನ್ನೇ.

ಅವನಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ, ಇದನ್ನು ಗಮನಿಸಿ. ಯಾವ ಕಾಳಿನಲ್ಲಿ ಎಷ್ಟು ನಾರಿದೆ ಅಂತ ನಿಮಗಿಂತ ಚೆನ್ನಾಗಿ ಹೇಳುತ್ತಿದ್ದ. ಹೊಸ ಶೂ ತಂದಿದ್ದ. ಕ್ಯಾಲೆಂಡರಿನಲ್ಲಿ ವಾಕಿಂಗ್ ಹೋದ ದಿನಕ್ಕೆಲ್ಲ ಕೆಂಪು ಗುರುತು ಹಾಕುತ್ತಿದ್ದ, ಅದು ಯಾವ ತಿಂಗಳಲ್ಲೂ ನಾಲ್ಕನೇ ತಾರೀಕು ದಾಟಲಿಲ್ಲ. ಐದು ಜನ ಸೇರಿ ಒಂದು ವಾಕಿಂಗ್ ಗುಂಪು ಕಟ್ಟಿದ್ದರು, ಎರಡನೇ ದಿನದಿಂದಲೇ ಅದು ತಟ್ಟೆ ಇಡ್ಲಿ ಹೋಟೆಲಿನ ಹತ್ತಿರ ತಿರುಗಿಕೊಂಡು, ಐದನೇ ದಿನ ವಾಕಿಂಗ್ ನಿಂತು ಇಡ್ಲಿ ಮಾತ್ರ ಉಳಿಯಿತು. ತಂಗಿ ಬೈದರೆ ಅವನು ನಗುತ್ತಿರಲಿಲ್ಲ, ನಿಜವಾಗಿಯೂ ಗೊಂದಲದಲ್ಲಿ ಹೇಳುತ್ತಿದ್ದ:

“ಬೆಳಗ್ಗೆ ಐದಕ್ಕೆ ಅಲಾರಂ ಹೊಡ್ಯುತ್ತೆ ಕಣೇ. ತಲೆ ಎದ್ದೇಳು ಅನ್ನುತ್ತೆ. ಮೈಗೆ ಮಾತ್ರ ಆ ಮಾತು ಕೇಳ್ಸೋದೇ ಇಲ್ಲ. ಎಲ್ಲೋ ಮಧ್ಯದಲ್ಲಿ ವೈರ್ ಕಿತ್ತೋಗಿದೆ.”

ಆ ವೈರನ್ನು ಬೇರೆಯವರಿಂದ ಎಳೆದು ತಂದರೆ? ದಿನಾ ತಪ್ಪದೆ ಏಳುವ ಯಾರದೋ ತಲೆಯೊಳಗಿನ ಆ ‘ಎದ್ದೇಳು’ ಅನ್ನುವುದನ್ನೇ ತಂದು ಏಳಲಾಗದವನ ತಲೆಗೆ ಕೊಟ್ಟರೆ?

ದಾಕ್ಷಾಯಣಿ ಕೆಲಸ ಮಾಡುತ್ತಿದ್ದದ್ದು ಇದರ ಮೇಲೆಯೇ. ಯೋಜನೆಯ ಹೆಸರು ‘ಹುರುಪು’. ಕೊಬ್ಬರಿ ಮಾರುಕಟ್ಟೆಯ ಹಿಂದೆ ಒಂದು ಹಳೆಯ ಎಣ್ಣೆ ಮಿಲ್ಲಿನಲ್ಲಿ ಕಂಟ್ರೋಲ್ ರೂಮು, ಅದರ ಮುಖ್ಯಸ್ಥೆ ಡಾಕ್ಟರ್ ವಾಸಂತಿ. ಕಿವಿಯ ಹಿಂದೆ ಅಂಟಿಸುವ ಒಂದು ಕರಿ ಬಿಲ್ಲೆ, ಕಡಲೆಬೇಳೆಯಷ್ಟು ಅಗಲ. ಜನ ಅದನ್ನು ‘ದೃಷ್ಟಿಬೊಟ್ಟು’ ಅಂತಲೇ ಕರೆದರು. ನಾವು ಏಳೋಣ ಅಂದುಕೊಳ್ಳುವುದಕ್ಕೆ ಅರೆಕ್ಷಣ ಮೊದಲೇ ಮಿದುಳಿನ ಆಳದಲ್ಲಿ ಒಂದು ಸಣ್ಣ ಅಲೆ ಏಳುತ್ತದಂತೆ. ಕೊಡುವವರ ಬೊಟ್ಟು ಆ ಅಲೆಯನ್ನು ಓದುತ್ತದೆ, ಕಂಟ್ರೋಲ್ ರೂಮು ಅದನ್ನು ಹಂಚುತ್ತದೆ, ಪಡೆಯುವವರ ಬೊಟ್ಟು ಅದನ್ನೇ ಅಲ್ಲಿ ಎಬ್ಬಿಸುತ್ತದೆ. ಮಾತಿಲ್ಲ, ಉಪದೇಶವಿಲ್ಲ. ಸುಮ್ಮನೆ ಏಳಬೇಕು ಅನ್ನಿಸುತ್ತದೆ, ಏಳುತ್ತೀರಿ.

ಒಂದೇ ತೊಡಕು. ರೆಕಾರ್ಡ್ ಮಾಡಿಟ್ಟ ಅಲೆ ಮೂರು ದಿನಕ್ಕೆ ಹಳಸುತ್ತದೆ. ದಿನಾ ಕೇಳಿದ ರಿಂಗ್‌ಟೋನ್ ಕಿವಿಗೆ ಬೀಳದ ಹಾಗೆ, ಮಿದುಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕೊಡುವವರು ದಿನಾ ಏಳಬೇಕು, ಅವತ್ತಿನ ಅಲೆ ಅವತ್ತೇ ಹೋಗಬೇಕು. ತಪ್ಪದೆ ಏಳುವವರನ್ನು ಹುಡುಕುವ ಕೆಲಸ ದಾಕ್ಷಾಯಣಿಯ ಪಾಲಿಗೆ ಬಂತು. ಆರು ಜನರನ್ನು ಹುಡುಕಿದಳು. ಯಾರಿಗೂ ಹಂಚುವ ಮೊದಲೇ ಆರೂ ಜನರ ಅಲೆ ಒಂದೆರಡು ತಿಂಗಳಿಗೆ ತೆಳ್ಳಗಾಯಿತು. ಏಳನೆಯವರು ಸಾಕಮ್ಮ.

ಸಾಕಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತಿಯಾದವರು, ಅರವತ್ತೊಂದು ವರ್ಷ, ಹಾಸನ ರಸ್ತೆಯ ಪಕ್ಕ ಒಂದು ಕೋಣೆಯ ಮನೆ, ಒಂಟಿ ಜೀವ. ಬೆಳಗ್ಗೆ ಐದೂಹತ್ತಕ್ಕೆ ಮನೆ ಬಿಟ್ಟರೆ ಐದೂವರೆ ಕಿಲೋಮೀಟರು ನಡೆದು ವಾಪಸು. ಮಳೆಯಿರಲಿ, ಜ್ವರವಿರಲಿ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಊಟ ಹಿಡಿ ಅಳತೆ. ರಕ್ತ ಪರೀಕ್ಷೆ ನೋಡಿ ವಾಸಂತಿ ಮೇಡಂ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರಂತೆ. ಅರ್ಜಿಯಲ್ಲಿ ‘ನಡೆಯಲು ಕಾರಣ’ ಅಂತ ಒಂದು ಸಾಲಿತ್ತು. ಕೆಳಗೆ ನಾಲ್ಕು ಚೌಕ: ಆರೋಗ್ಯ, ಸೌಂದರ್ಯ, ವೈದ್ಯರ ಸಲಹೆ, ಅಭ್ಯಾಸ. ಆ ಅರ್ಜಿಯನ್ನು ಬರೆದವಳೂ ದಾಕ್ಷಾಯಣಿಯೇ. ಯಾಕಮ್ಮ ನಡೀತೀರಿ ಅಂತ ಕೇಳಿದ್ದಕ್ಕೆ ಸಾಕಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಅಭ್ಯಾಸ ಆಗೋಗದೆ ಕಣವ್ವ ಅಂದರು. ಅವಳು ನಾಲ್ಕನೇ ಚೌಕಕ್ಕೆ ಟಿಕ್ ಹಾಕಿದಳು. ನಿಮ್ಮ ಹುರುಪನ್ನು ಬೇರೆಯವರಿಗೆ ಹಂಚುತ್ತೇವೆ ಅಂತ ವಿವರಿಸಿದಾಗ ಸಾಕಮ್ಮ ನಕ್ಕು, ಹಂಚ್ಕಳಿ, ನಂದೇನು ಸವದೋಗಲ್ಲ ಅಂದರು.

ಇನ್ನೂರ ಹದಿನಾಲ್ಕು ಜನಕ್ಕೆ ಬೊಟ್ಟು ಅಂಟಿಸಿದರು, ಪಂಚಾಕ್ಷರಿಯೂ ಸೇರಿ.

ಮಾರನೆಯ ಬೆಳಗ್ಗೆ ಕಂಟ್ರೋಲ್ ರೂಮಿನ ಗೋಡೆಯ ಮೇಲಿನ ನಕ್ಷೆಯಲ್ಲಿ ಊರಿನ ತುಂಬ ಹಸಿರು ಚುಕ್ಕಿಗಳು ಒಟ್ಟಿಗೆ ಹೊತ್ತಿಕೊಂಡವು. ಸಮಯ ಐದೂಹತ್ತು. ಇನ್ನೂರ ಹದಿನಾಲ್ಕು ಹಾಸಿಗೆಗಳಿಂದ ಇನ್ನೂರ ಹದಿನಾಲ್ಕು ಜನ ಎದ್ದಿದ್ದರು. ವಾಸಂತಿ ಮೇಡಂ ಕುರ್ಚಿಯಿಂದ ಎದ್ದು ನಿಂತು, ಮತ್ತೆ ಕೂತರು. ದಾಕ್ಷಾಯಣಿ ಒಂದೇ ಚುಕ್ಕಿಯನ್ನು ನೋಡುತ್ತಿದ್ದಳು. ಅದು ಬೇಕರಿ ಬೀದಿಯಿಂದ ನಿಧಾನವಾಗಿ, ಸ್ವಲ್ಪ ಕುಂಟುತ್ತಾ, ಹೊರಟಿತು.

ತಿಂಗಳಿಗೆ ಅವನ ತೂಕ ನಾಲ್ಕು ಕೆಜಿ ಇಳಿಯಿತು. ಮೂರನೇ ತಿಂಗಳಿಗೆ ಇನ್ಸುಲಿನ್ ಅರ್ಧವಾಯಿತು. ಹುಣ್ಣಿನ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಬರತೊಡಗಿತು. ತಾನೇ ಬೇಯಿಸಿದ ಖಾರಾ ಬನ್ನಿನ ಟ್ರೇ ಮುಂದೆ ದಿನವಿಡೀ ನಿಂತರೂ ಒಂದನ್ನೂ ಬಾಯಿಗಿಡುತ್ತಿರಲಿಲ್ಲ. ಯಾರಾದರೂ ಹೊಗಳಿದರೆ, ನನ್ನದೇನಿಲ್ಲಪ್ಪ, ನಮ್ಮ ದಾಕ್ಷಿ ಬೊಟ್ಟು ಇಟ್ಟಿದಾಳೆ ಅನ್ನುತ್ತಿದ್ದ.

ನಕ್ಷೆಯಲ್ಲಿ ಮಾತ್ರ ಒಂದು ಸಣ್ಣ ವಿಷಯ ನಡೆಯುತ್ತಿತ್ತು. ಮೊದಲ ವಾರ ಚುಕ್ಕಿಗಳು ಅವರವರ ಬೀದಿಯಲ್ಲಿ, ಕೆರೆ ಏರಿಯ ಮೇಲೆ, ಮೈದಾನದಲ್ಲಿ, ಎಲ್ಲೆಂದರಲ್ಲಿ ಓಡಾಡುತ್ತಿದ್ದವು. ಎರಡನೇ ತಿಂಗಳಿಗೆ ಮೂವತ್ತು ನಲವತ್ತು ಚುಕ್ಕಿ ರೈಲ್ವೆ ಸ್ಟೇಷನ್ನಿನ ಕಡೆ ತಿರುಗಿದವು. ಐದನೇ ತಿಂಗಳಿಗೆ ಎಲ್ಲವೂ. ಆಫೀಸಿನಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ನಾಲ್ಕು ಜನ ನಡೆಯುವ ಕಡೆ ಐದನೆಯವನೂ ನಡೆಯುತ್ತಾನೆ, ಒಳ್ಳೆಯದೇ ಆಯಿತು ಅಂದುಕೊಂಡರು. ಆ ರಸ್ತೆಯಲ್ಲಿ ಮೊಳಕೆಕಾಳು, ರಾಗಿ ಅಂಬಲಿ ಮಾರುವ ಗಾಡಿ ಕೂಡ ಬಂತು. ಇನ್ನೂರು ಜನ ದಿನಾ ಸಾಲಿನಲ್ಲಿ ನಿಂತು ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಒಳಗೆ ಹೋಗುತ್ತಿದ್ದಾರೆ ಅನ್ನುವುದನ್ನು ಮಾತ್ರ ಯಾರೂ ಯಾರಿಗೂ ಹೇಳಲಿಲ್ಲ. ಸಾಲಿನಲ್ಲಿ ನಿಂತವರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಒಂದು ಭಾನುವಾರ ಅತ್ತಿಗೆ ಕೋಮಲ ದಾಕ್ಷಾಯಣಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಓರೆ ಮಾಡಿದಳು. ಒಲೆಯ ಪಕ್ಕ ಒಂದು ತಟ್ಟೆ, ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ತೆಗೆದರೆ ಅರ್ಧ ಮುದ್ದೆ, ಅರ್ಧ ಸೌಟು ಸೊಪ್ಪಿನ ಸಾರು.

ಗಂಡ ಈಗ ಯಾವ ಹೊತ್ತಿನ ಊಟದಲ್ಲೂ ಸರಿಯಾಗಿ ಅರ್ಧ ಉಣ್ಣುತ್ತಾನೆ, ಇನ್ನರ್ಧ ಮುಚ್ಚಿಡುತ್ತಾನೆ ಅಂತ ಕೋಮಲ ಹೇಳಿದಳು. ಮೊದಲು ತೂಕ ಇಳಿಸುವುದಕ್ಕೆ ಅಂದುಕೊಂಡಿದ್ದಳಂತೆ. ಒಂದು ದಿನ ಅವಳು ಆ ಅರ್ಧವನ್ನು ತೆಗೆದು ಹಸುವಿಗೆ ಹಾಕಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ದನಿ ಎತ್ತದವನು ತಟ್ಟೆ ಎಸೆದು, ಆಮೇಲೆ ಬಚ್ಚಲಲ್ಲಿ ಕೂತು ಅತ್ತನಂತೆ.

“ಯಾರಿಗೆ ಇಡ್ತೀರಿ ಅಂದೆ. ಬರ್ತಾನೆ, ಹಸ್ಕೊಂಡ್ ಬರ್ತಾನೆ ಅಂದ್ರು. ಯಾರು ಬರ್ತಾರೆ ಅಂದ್ರೆ ನನ್ನ ಮುಖಾನೇ ನೋಡ್ತಾ ಕೂತ್ರು ದಾಕ್ಷಿ. ಅವರಿಗೇ ಗೊತ್ತಿಲ್ಲ.” ಕೋಮಲ ತಟ್ಟೆಯನ್ನು ಮತ್ತೆ ಮುಚ್ಚಿ, ಸರಿಯಾಗಿ ಮುಚ್ಚಿದೆಯಾ ಅಂತ ಇನ್ನೊಮ್ಮೆ ನೋಡಿದಳು. “ನಂಗೆ ಭಯ ಆಗುತ್ತೆ. ಮನೇಲಿ ಇನ್ನೊಬ್ರು ಇದ್ದಂಗೆ ಆಗುತ್ತೆ.”

ಆಫೀಸಿನ ವರದಿಯಲ್ಲಿ ಇದೇ ವಿಷಯಕ್ಕೆ ‘ಆಹಾರದ ಪ್ರಮಾಣದಲ್ಲಿ ಸ್ವಯಂ ನಿಯಂತ್ರಣ, ನೂರಕ್ಕೆ ತೊಂಬತ್ತಾರು’ ಅಂತ ಬರೆದಿದ್ದರು. ದಾಕ್ಷಾಯಣಿಯೇ ಟೈಪ್ ಮಾಡಿದ್ದಳು.

ಅವಳು ನೆಟ್ಟಗೆ ಸಾಕಮ್ಮನ ಮನೆಗೆ ಹೋದಳು. ಸಾಕಮ್ಮ ಉಂಡು ಕೈ ತೊಳೆಯುತ್ತಿದ್ದರು. ಒಲೆಯ ಪಕ್ಕ ಮುಚ್ಚಿದ ತಟ್ಟೆ. ಈ ಸಲ ದಾಕ್ಷಾಯಣಿ ಚೌಕ ಇಟ್ಟುಕೊಳ್ಳದೆ ಕೇಳಿದಳು, ಸಾಕಮ್ಮ ಹೇಳಿದರು. ಯಾರೂ ಇಷ್ಟು ವರ್ಷ ಕೇಳಿರಲಿಲ್ಲ, ಅದಕ್ಕೆ ಹೇಳಿರಲಿಲ್ಲ, ಅಷ್ಟೇ.

ಸಾಕಮ್ಮನಿಗೆ ಚೆಲುವ ಅಂತ ಒಬ್ಬ ತಮ್ಮ. ಏಳು ವರ್ಷದವನಿದ್ದಾಗ ಅವ್ವ ಸತ್ತಳು, ಅಕ್ಕನೇ ಸಾಕಿದಳು. ಬೆಳೆದು ಮೂವತ್ತಾದರೂ ಒಂದು ಕಡೆ ನಿಲ್ಲುವವನಲ್ಲ, ಎಲ್ಲೆಲ್ಲೋ ತಿರುಗಿ ಉಣ್ಣುವ ಹೊತ್ತಿಗೆ ಮನೆಗೆ ಬರುತ್ತಿದ್ದ. ಒಂದು ಸಂಜೆ ತಟ್ಟೆಗೆ ಮುದ್ದೆ ಇಡುತ್ತಾ ಸಾಕಮ್ಮ, ಹೊಟ್ಟೆ ಹಸಿದಾಗ ಮಾತ್ರ ಅಕ್ಕ ನೆಪ್ಪಾಯ್ತಾಳೆ ಅಂದುಬಿಟ್ಟರು. ಹಾಸ್ಟೆಲಿನಲ್ಲಿ ಅವತ್ತು ಕೆಲಸ ಜಾಸ್ತಿ, ಮೈ ಸೋತಿತ್ತು, ಮಾತು ಜಾರಿತು. ಅವನು ಅರ್ಧ ಮುದ್ದೆ ಉಂಡಿದ್ದ. ಪಕ್ಕಕ್ಕೆ ತಿರುಗಿ ಕೈ ತೊಳೆದುಕೊಂಡು ಎದ್ದ. ಬೆಳಗಿನ ರೈಲು ಹತ್ತಿದ ಅಂತ ಆಮೇಲೆ ಯಾರೋ ಹೇಳಿದರು. ಪೊಲೀಸರಿಗೆ ಬರೆದುಕೊಟ್ಟದ್ದಾಯಿತು, ಪತ್ರಿಕೆಯಲ್ಲಿ ಫೋಟೋ ಹಾಕಿಸಿದ್ದಾಯಿತು. ಅವನು ಬಿಟ್ಟು ಹೋದ ಅರ್ಧವನ್ನು ಅವತ್ತು ಮುಚ್ಚಿಟ್ಟವರು ಇವತ್ತಿಗೂ ತಮ್ಮ ಊಟದಲ್ಲಿ ಅರ್ಧ ಮುಚ್ಚಿಡುತ್ತಲೇ ಇದ್ದಾರೆ. ಹೋದ ಹೊತ್ತಿನ ರೈಲಿಗೇ ಬರುತ್ತಾನೆ ಅಂತ ಒಂದು ಲೆಕ್ಕ, ದಿನಾ ಸ್ಟೇಷನ್ನಿಗೆ ನಡೆಯುವುದು ಅದಕ್ಕೇ.

ಅರ್ಥವಾಯಿತಲ್ಲ? ಉಳಿದ ಆರೂ ಜನ ನಡೆಯುತ್ತಿದ್ದದ್ದು ತಮಗಾಗಿ. ನಡೆದರು, ಹಗುರಾದರು, ಆಸೆ ತೀರಿತು, ಅಲೆ ಇಳಿಯಿತು. ಸಾಕಮ್ಮನ ಅಲೆ ಮಾತ್ರ ಹನ್ನೊಂದು ವರ್ಷದಿಂದ ದಿನಾ ಹೊಸದಾಗಿತ್ತು, ಯಾಕೆಂದರೆ ದಿನಾ ಅವನು ಬಂದಿರಲಿಲ್ಲ. ಏಳುವ ಮನಸ್ಸನ್ನು ಅದರ ಕಾರಣದಿಂದ ಸುಲಿದು ಬರೀ ಮನಸ್ಸನ್ನಷ್ಟೇ ಹಂಚುತ್ತೇವೆ ಅಂದುಕೊಂಡಿದ್ದರು. ಅದು ಸುಲಿಯಲು ಬರುವಂಥದ್ದಲ್ಲ.

ಮರುದಿನ ಬೆಳಗ್ಗೆ ದಾಕ್ಷಾಯಣಿ ಸ್ಟೇಷನ್ನಿಗೆ ಹೋದಳು. ನಕ್ಷೆಯಲ್ಲಿ ನೋಡಿದ್ದೇ ಬೇರೆ, ಕಣ್ಣಲ್ಲಿ ನೋಡಿದ್ದೇ ಬೇರೆ. ಒಂದನೇ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಜನ. ಮೇಷ್ಟ್ರು, ಆಟೋದವನು, ಸೀರೆ ಅಂಗಡಿಯ ಯಜಮಾನ, ಬುರ್ಖಾದ ಕೆಳಗೆ ಬಿಳಿ ಶೂ ಹಾಕಿದ ಹೆಂಗಸು. ಇನ್ನೂರು ಜನ ನಿಂತ ಕಡೆ ಇರಬೇಕಾದ ಸದ್ದು ಅಲ್ಲಿರಲಿಲ್ಲ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ಜನರಲ್ ಬೋಗಿ ನಿಲ್ಲುವ ಜಾಗದಲ್ಲಿ, ಹಳೆಯ ಹಸಿರು ಶಾಲು ಹೊದ್ದು ಸಾಕಮ್ಮ ನಿಂತಿದ್ದರು. ಅವರಿಗೂ ಈ ಜನಕ್ಕೂ ಏನೂ ಸಂಬಂಧವಿಲ್ಲದ ಹಾಗೆ.

ಆರಕ್ಕೆ ಹತ್ತು ನಿಮಿಷವಿದ್ದಾಗ ಹುಬ್ಬಳ್ಳಿ ಕಡೆಯಿಂದ ರೈಲು ಬಂತು. ಇಳಿದದ್ದು ಹದಿನೈದಿಪ್ಪತ್ತು ಜನ. ಇನ್ನೂರು ಜೊತೆ ಕಣ್ಣು ಆ ಒಂದೊಂದು ಮುಖದ ಮೇಲೂ ಹಾದುಹೋಯಿತು. ಪಂಚಾಕ್ಷರಿ ಅವಳ ಪಕ್ಕದಲ್ಲೇ ನಿಂತಿದ್ದ, ಕುತ್ತಿಗೆ ಚಾಚಿಕೊಂಡು. ಯಾರಿಗೆ ಕಾಯ್ತಿದೀಯ ಅಂತ ಅವಳು ಕೇಳಿದಳು. ಅವನು ತಿರುಗದೆಯೇ ಹೇಳಿದ.

“ಗೊತ್ತಿಲ್ಲ ಕಣೇ. ಎಡಗಡೆ ಹುಬ್ಬಲ್ಲಿ ಒಂದು ಗಾಯದ ಗುರುತಿದೆ. ಚಿಕ್ಕೋನಿದ್ದಾಗ ಒಳಕಲ್ಲಿನ ಮೇಲೆ ಬಿದ್ದಿದ್ದ. ಅಷ್ಟು ಗೊತ್ತು.”

ಆಗ ಒಬ್ಬ ಮನುಷ್ಯ ಅವಳ ಮುಂದೆ ಬಂದು ನಿಂತ. ಐವತ್ತರ ಹತ್ತಿರದವನು, ಬಿಳಿ ಟೋಪಿ, ಹೆಗಲಿಗೆ ದಪ್ಪ ಬಟ್ಟೆ ಚೀಲ. ಜನರನ್ನು ಕಂಡು ಹೆದರಿದ್ದ.

“ಅಕ್ಕಾರ, ಇಲ್ಲಿ ಎಲ್ಲಾರೂ ನನ್ನ ಮಾರಿನ ನೋಡಾಕತ್ತಾರ. ನೀವೊಬ್ಬರ ನೋಡವಲ್ರಿ, ಅದಕ್ಕ ನಿಮ್ಮನ್ನ ಕೇಳ್ತೀನಿ. ಸಾಕಮ್ಮ ಅಂತ, ಹಾಸನ ರೋಡಿನ್ಯಾಗ ಮನಿ. ಗೊತ್ತೈತೇನ್ರಿ?”

ಅವಳು ಅವನನ್ನು ಬೆಂಚಿನ ಕಡೆಗೆ ಕರೆದುಕೊಂಡು ಹೋದಳು. ಅವನ ಹೆಸರು ಇಮಾಮಸಾಬ. ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ಚೆಲುವನೂ ಅವನೂ ಹತ್ತು ವರ್ಷ ಒಂದೇ ಒಲೆಯ ಮುಂದೆ ದುಡಿದವರು. ಎರಡು ತಿಂಗಳ ಹಿಂದೆ ರೊಟ್ಟಿ ತಿರುವುತ್ತಾ ಚೆಲುವ ಎದೆ ಹಿಡಿದುಕೊಂಡು ಕೂತ, ಆಸ್ಪತ್ರೆ ಮುಟ್ಟಲಿಲ್ಲ. ಅಕ್ಕನ ಮಾತು ಎತ್ತಿದರೆ ಮುಂದಿನ ತಿಂಗಳು ಹೋಗ್ತೀನಿ ಅನ್ನುತ್ತಿದ್ದನಂತೆ, ಹತ್ತು ವರ್ಷವೂ. ಟ್ರಂಕಿನಲ್ಲಿ ವಿಳಾಸದ ಚೀಟಿ ಇತ್ತು. ಜೊತೆಗೆ ದೀಪಾವಳಿಗೊಂದರಂತೆ ಕೊಂಡು, ಕೊಡದೆ ಇಟ್ಟುಕೊಂಡ ಒಂಬತ್ತು ಇಳಕಲ್ ಸೀರೆ. ಅವೇ ಈ ಚೀಲದಲ್ಲಿದ್ದವು.

ಹೇಳಿ ಮುಗಿಸಿ ಅವನು ಟೋಪಿ ತೆಗೆದು ಮುಖ ಒರೆಸಿಕೊಂಡ. ಆ ಅಕ್ಕನ ಮುಂದೆ ಹೋಗಿ ಇದನ್ನು ಹೇಳುವುದಕ್ಕೆ ತನಗೆ ಬಾಯಿ ಬರುವುದಿಲ್ಲ, ದಾರಿಯುದ್ದಕ್ಕೂ ಅದೇ ಚಿಂತೆ ಅಂದ.

ಸಾಕಮ್ಮ ಅಲ್ಲೇ, ಐವತ್ತು ಹೆಜ್ಜೆ ದೂರದಲ್ಲಿ, ಇಳಿಯುವವರೆಲ್ಲ ಇಳಿದ ಬೋಗಿಯ ಬಾಗಿಲನ್ನು ಇನ್ನೂ ನೋಡುತ್ತಿದ್ದರು. ದಾಕ್ಷಾಯಣಿ ಕೈ ಎತ್ತಿ ತೋರಿಸಿದರೆ ಸಾಕಿತ್ತು. ಅಷ್ಟೇ ಸಾಕಿತ್ತು. ಅವಳು ಕೈ ಎತ್ತುವ ಬದಲು ಅಣ್ಣನ ಕಾಲಿನ ಕಡೆ ನೋಡಿದಳು. ಪಂಚಾಕ್ಷರಿ ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಂತಿದ್ದ.

“ನಂಗೆ ಗೊತ್ತು ಅವರು. ಚೀಲ ನನ್ನ ಕೈಗೆ ಕೊಡಿ, ನಾನು ಹೇಳ್ತೀನಿ,” ಅಂದಳು.

ಇಮಾಮಸಾಬ ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಮಧ್ಯಾಹ್ನದ ರೈಲಿಗೆ ಹೊರಟು ಹೋದ. ಬೆಳಗಿನ ರೈಲು ಪ್ಲಾಟ್‌ಫಾರ್ಮ್ ಬಿಟ್ಟ ಕ್ಷಣಕ್ಕೇ ಇನ್ನೂರು ಜನ ಒಂದೇ ಉಸಿರು ಬಿಟ್ಟು ಮನೆಗೆ ತಿರುಗಿದ್ದರು.

ಅವತ್ತು ಕಂಟ್ರೋಲ್ ರೂಮಿನಲ್ಲಿ ಅವಳು ವಾಸಂತಿ ಮೇಡಂ ಹತ್ತಿರ ಸುಮ್ಮನೆ ಕೇಳುವವಳ ಹಾಗೆ ಕೇಳಿದಳು, ಕೊಡುವವರಿಗೆ ಏಳುವ ಮನಸ್ಸೇ ಹೋಗಿಬಿಟ್ಟರೆ ಏನಾಗುತ್ತದೆ ಅಂತ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದಾಕ್ಷಾಯಣಿ ಸೇರುವುದಕ್ಕೆ ಮುಂಚೆ ಬೇರೆ ಊರಿನಲ್ಲಿ ಒಂದು ಪ್ರಯೋಗ ನಡೆದಿತ್ತಂತೆ, ಮೂವತ್ತು ಜನ, ಕೊಡುವವರು ಒಬ್ಬ ನಿವೃತ್ತ ಸೈನಿಕ. ಗೆಳೆಯನ ಜೊತೆ ಪಂತ ಕಟ್ಟಿ ನಡೆಯುತ್ತಿದ್ದವರು, ಗೆಳೆಯ ಸತ್ತ ದಿನ ನಿಲ್ಲಿಸಿಬಿಟ್ಟರು. ಬೇರೆಯವರ ಹುರುಪು ಒಳಗಿದ್ದಷ್ಟು ದಿನ ನಮ್ಮದು ನಿದ್ದೆ ಹೋಗಿರುತ್ತದೆ. ಇದ್ದಕ್ಕಿದ್ದ ಹಾಗೆ ತೆಗೆದರೆ ಅದು ಏಳುವುದಿಲ್ಲ. ಆ ಮೂವತ್ತು ಜನ ಒಂಬತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ, ಮಾತ್ರೆ ನುಂಗಲಿಲ್ಲ, ನೀರಿಗೂ ಕೈ ಚಾಚಲಿಲ್ಲ. ಅವರಲ್ಲಿ ಒಬ್ಬರು ಸತ್ತೇಹೋದರು. ಸಂಪರ್ಕ ಕತ್ತರಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ದಾರಿ ಒಂದೇ: ದಿನಕ್ಕಿಷ್ಟು ಅಂತ ಅಲೆಯನ್ನು ಇಳಿಸುತ್ತಾ ಬರಬೇಕು.

“ಇವತ್ತೇ ಶುರು ಮಾಡಿದ್ರೂ ಏಳು ತಿಂಗಳು ಬೇಕು,” ಅಂದರು ಮೇಡಂ. ಮೇಜಿನ ಕೆಳಗಿದ್ದ ಬಟ್ಟೆ ಚೀಲದ ಮೇಲೆ ಅವರ ಕಣ್ಣು ಒಂದು ಸಲ ಹೋಯಿತು. “ಯಾಕೆ ಕೇಳಿದೆ ಅಂತ ನಾನು ಕೇಳಲ್ಲ ದಾಕ್ಷಾಯಣಿ. ನೀನೂ ಹೇಳ್ಬೇಡ.”

ಅವತ್ತೇ ಶುರು ಮಾಡಿದರು. ಏಳು ತಿಂಗಳು ಅಂತ ದಾಕ್ಷಾಯಣಿ ತನಗೆ ತಾನೇ ಹೇಳಿಕೊಂಡಳು. ಹನ್ನೊಂದು ವರ್ಷ ಕಾದವರಿಗೆ ಇನ್ನು ಏಳು ತಿಂಗಳು. ಸತ್ತವನೇನೂ ಇನ್ನಷ್ಟು ಸಾಯುವುದಿಲ್ಲ. ಹೀಗೆ ಹೇಳಿಕೊಂಡರೆ ಹಗಲು ಕಳೆಯುತ್ತಿತ್ತು. ಆದರೆ ಉಣ್ಣಲು ಕೂತಾಗ ಅವಳ ಕೈ ಅರ್ಧಕ್ಕೆ ನಿಂತುಬಿಡುತ್ತಿತ್ತು. ಅವಳಿಗೆ ಬೊಟ್ಟು ಇರಲಿಲ್ಲ, ಆದರೂ.

ಅಣ್ಣನ ಹುಣ್ಣು ಮುಚ್ಚಿಕೊಂಡಿತು. ಡಾಕ್ಟರು ಪಾದವನ್ನು ಕೈಯಲ್ಲಿ ಹಿಡಿದು, ಇನ್ನು ಆರು ತಿಂಗಳು ಹೀಗೇ ಇದ್ದರೆ ಕಾಲಿನ ಚಿಂತೆ ಬಿಟ್ಟುಬಿಡಿ ಅಂದರು. ಕೋಮಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತಳು. ಇನ್ನೂರ ಹದಿನಾಲ್ಕು ಮನೆಗಳಲ್ಲೂ ಇಂಥದೇ ಏನಾದರೊಂದು ನಡೆಯುತ್ತಿತ್ತು ಅನ್ನುವುದನ್ನು ಮರೆಯಬೇಡಿ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಸಾಕಮ್ಮನ ಮಂಡಿ ಕೈಕೊಟ್ಟಿತು. ನಡಿಗೆ ತಪ್ಪಿಸಲಿಲ್ಲ, ಗೋಡೆ ಹಿಡಿದು, ಕೋಲು ಊರಿ ಹೇಗೋ ರೈಲಿನ ಹೊತ್ತಿಗೆ ಮುಟ್ಟುತ್ತಿದ್ದರು, ವಾಪಸು ಬರುವ ಅರ್ಧ ಗಂಟೆಯ ದಾರಿಗೆ ಮಾತ್ರ ಒಂದೂವರೆ ಗಂಟೆ. ದಾಕ್ಷಾಯಣಿ ಮುಲಾಮು ತೆಗೆದುಕೊಂಡು ಹೋದಳು. ಸಾಕಮ್ಮ ಕಾಲು ಚಾಚಿ ಕೂತಿದ್ದರು, ಮಂಡಿ ಊದಿ ತೆಂಗಿನಕಾಯಿಯಷ್ಟಾಗಿತ್ತು. ಅವಳು ಮುಲಾಮು ಉಜ್ಜುತ್ತಿದ್ದರೆ ಅವರು ಅವಳ ನೆತ್ತಿಯನ್ನು ನೋಡುತ್ತಾ ಹೇಳಿದರು:

“ಸಾಕಾಗೋಗದೆ ಕಣವ್ವ. ಅವನು ಇಲ್ಲ ಅಂತ ಯಾರಾರ ಒಂದ್ ಮಾತು ಹೇಳ್ಬುಟ್ರೆ, ಅತ್ತು ಬಿದ್ದು, ಒಂದಿನ ಬಿಸಿಲೇರೋಗಂಟ ಮಲಗ್ತಿದ್ದೆ. ಬೇರೇನೂ ಬ್ಯಾಡ ನಂಗೆ. ನಿಮ್ಮ ಮಿಷನ್ನಾಗೆ ಎಲ್ಲಾರೂ ಎಲ್ಲವ್ರೆ ಅಂತ ಕಾಣ್ತದಂತಲ್ಲ.” ಅವರು ಅವಳ ಗಲ್ಲ ಹಿಡಿದು ಮುಖ ಎತ್ತಿದರು. “ನೀನು ಸುಳ್ಳು ಹೇಳೋ ಹೆಣ್ಣಲ್ಲ. ಹೇಳು. ನನ್ ತಮ್ಮ ಬದ್ಕವ್ನಾ, ಇಲ್ವಾ?”

ಗೊತ್ತಿಲ್ಲ ಅಂದುಬಿಡುವುದು ಅಂತ ಅವಳು ಎಷ್ಟೋ ದಿನದಿಂದ ತೀರ್ಮಾನಿಸಿಕೊಂಡಿದ್ದಳು. ಗೊತ್ತಿಲ್ಲ ಅನ್ನುವುದು ಪೂರ್ತಿ ಸುಳ್ಳಲ್ಲ ಅಂತಲೂ ಸಮಾಧಾನ ಮಾಡಿಕೊಂಡಿದ್ದಳು. ಆದರೆ ಆ ಮುಖ ಅಷ್ಟು ಹತ್ತಿರದಲ್ಲಿತ್ತು. ಸಾಕಾಗೋಗದೆ ಅಂದ ಆ ಒಂದು ಮಾತಿಗೇ ಎಣ್ಣೆ ಮಿಲ್ಲಿನ ಗೋಡೆಯ ಮೇಲೆ ಇನ್ನೂರ ಹದಿನಾಲ್ಕು ಚುಕ್ಕಿಗಳೂ ಮಂಕಾಗಿರುತ್ತವೆ ಅಂತ ಅವಳಿಗೆ ಗೊತ್ತಿತ್ತು. ಇನ್ನೂ ಐದು ತಿಂಗಳು ಬಾಕಿ ಇತ್ತು.

“ಬದುಕಿದ್ದಾನಮ್ಮ,” ಅಂದಳು. “ಬರ್ತಾನೆ.”

ಸಾಕಮ್ಮ ಕೈ ಕೆಳಗಿಳಿಸಿ, ಗೋಡೆ ಹಿಡಿದು ಎದ್ದು, ಹೋಗಿ ಒಲೆ ಹಚ್ಚಿದರು.

ಮರುದಿನ ಬೆಳಗ್ಗೆ ಐದೂಹತ್ತಕ್ಕೆ ಹೊತ್ತಿಕೊಳ್ಳಬೇಕಾದ ಚುಕ್ಕಿಗಳು ನಾಲ್ಕೂವರೆಗೇ ಹೊತ್ತಿಕೊಂಡವು. ಅಲೆಯನ್ನು ಮುಕ್ಕಾಲಿಗೆ ಇಳಿಸಿಟ್ಟಿದ್ದರು, ಆದರೂ ಹತ್ತು ತಿಂಗಳಲ್ಲಿ ಯಾವತ್ತೂ ಕಾಣದಷ್ಟು ಎತ್ತರ ಕಂಡಿತು. ಚುಕ್ಕಿಗಳು ನಡೆಯುತ್ತಿರಲಿಲ್ಲ, ಓಡುತ್ತಿದ್ದವು.

ದಾಕ್ಷಾಯಣಿ ಸ್ಕೂಟರ್ ಹತ್ತಿ ಸ್ಟೇಷನ್ನಿಗೆ ಬಂದಳು. ಪ್ಲಾಟ್‌ಫಾರ್ಮಿನಲ್ಲಿ ಇವತ್ತು ಸದ್ದಿತ್ತು. ಗಂಡಸರು ಗಡ್ಡ ಬೋಳಿಸಿಕೊಂಡು ಇಸ್ತ್ರಿ ಅಂಗಿ ತೊಟ್ಟಿದ್ದರು. ಹೆಂಗಸರು ಅಷ್ಟು ಬೆಳಗ್ಗೆ ಎಲ್ಲಿಂದ ತಂದರೋ, ಮಲ್ಲಿಗೆ ಮುಡಿದಿದ್ದರು. ಗುರುತಿಲ್ಲದವರು ಗುರುತಿಲ್ಲದವರ ಹೆಗಲ ಮೇಲೆ ಕೈಯಿಟ್ಟು ನಗುತ್ತಿದ್ದರು. ಆ ತುದಿಯಲ್ಲಿ ಸಾಕಮ್ಮ ಕೋಲನ್ನು ಬೆಂಚಿಗೆ ಒರಗಿಸಿಟ್ಟು, ಏನನ್ನೂ ಹಿಡಿಯದೆ ನಿಂತಿದ್ದರು.

ಪಂಚಾಕ್ಷರಿ ಜನರ ಮಧ್ಯೆ ದಾರಿ ಮಾಡಿಕೊಂಡು ಅವಳ ಹತ್ತಿರ ಓಡಿ ಬಂದ. ಬೆರಳು ತೆಗೆದಾಗ ಬಚ್ಚಲಿಗೆ ಹೋಗಲೂ ಹೆಂಡತಿಯ ಹೆಗಲು ಬೇಕಾಗಿದ್ದವನು, ಓಡಿ ಬಂದ. ಮುಖ ಬೆಳಗುತ್ತಿತ್ತು. ಅಪ್ಪ ಇದ್ದ ಕಾಲದಲ್ಲಿ ಯಾವಾಗಲೋ ನೋಡಿದ್ದ ನಗು ಅದು.

“ಇವತ್ತು ಬರ್ತಾನೆ ಕಣೇ ದಾಕ್ಷಿ,” ಅಂದ. “ಯಾರು ಅಂತ ನಂಗೆ ಗೊತ್ತಿಲ್ಲ. ಆದ್ರೆ ಇವತ್ತು ಬಂದೇ ಬರ್ತಾನೆ, ನೋಡ್ತಿರು.”

ದೂರದಲ್ಲಿ ರೈಲಿನ ದೀಪ ಕಂಡಿತು. ಅಣ್ಣ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ, ಇನ್ನೂರ ಹದಿನಾಲ್ಕು ಜನ ಒಂದು ಹೆಜ್ಜೆ ಮುಂದೆ ಬಂದರು, ಅವರೆಲ್ಲರ ಆಚೆ ಸಾಕಮ್ಮ ಸೆರಗು ಸರಿ ಮಾಡಿಕೊಂಡರು.

ಹೇಳಿ, ಅಲ್ಲಿ ಆ ಕೈ ಹಿಡಿಸಿಕೊಂಡು ನಿಂತವರು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?